ಕಿಬ್ಬೊಟ್ಟೆಯ ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ

ಕಿಬ್ಬೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಸ್ಕ್ಯಾನಿಂಗ್ ವರದಿ ಹೇಳಿದ ಕೂಡಲೇ ಮಹಿಳೆಯರನ್ನು ಕಾಡುವುದು ಕ್ಯಾನ್ಸರಿನ ಭಯ. ಆದರೆ ಅಪರೂಪಕ್ಕೊಮ್ಮೆ ಆ ಗಡ್ಡೆ ಅಂಡಾಶಯದ್ದೂ ಅಲ್ಲ, ಗರ್ಭಕೋಶದ್ದೂ ಅಲ್ಲ. ಪಕ್ಕದಲ್ಲೇ ಊದಿಕೊಂಡ ದುಗ್ಧಗ್ರಂಥಿಯಾಗಿರುತ್ತದೆ. ಇಂತಹ ಊತಕ್ಕೆ ಕಾರಣವಾಗುವ ವಿರಳ ತೊಂದರೆಗಳಲ್ಲಿ ಕ್ಯಾಸಲ್‌ಮನ್ ಕಾಯಿಲೆಯೂ ಒಂದು.

ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಬೆಂಜಮಿನ್ ಕ್ಯಾಸಲ್‌ಮನ್ 1954ರಲ್ಲಿ ಇದನ್ನು ವಿವರಿಸಿದರು. 1956ರಲ್ಲಿ ಅವರು ಸಂಗಡಿಗರೊಂದಿಗೆ 13 ರೋಗಿಗಳ ವಿವರ ಪ್ರಕಟಿಸಿದರು. ಅವರ ಎದೆಗೂಡಿನ ಗಡ್ಡೆಗಳು ಥೈಮಸ್ ಗ್ರಂಥಿಯ ಗಡ್ಡೆಗಳನ್ನೇ ಹೋಲುತ್ತಿದ್ದವು. ಹೀಗೆ ಬೇರೊಂದು ರೋಗದಂತೆ ಕಾಣಿಸುವುದು ಈ ಕಾಯಿಲೆಯ ಹಳೆಯ ಗುಣ. ಎದೆಯಲ್ಲಿ ಇದು ಹೆಚ್ಚು, ಕಿಬ್ಬೊಟ್ಟೆಯಲ್ಲಿ ವಿರಳ.

ಮೋಸ ಹೋಗುವುದೇಕೆ?

ಸೊಂಟದ ದೊಡ್ಡ ರಕ್ತನಾಳಗಳ ಉದ್ದಕ್ಕೂ, ಅಂಡಾಶಯದ ಸಮೀಪದಲ್ಲೇ, ದುಗ್ಧಗ್ರಂಥಿಗಳಿವೆ. ಅವುಗಳಲ್ಲೊಂದು ದಪ್ಪಗಾದರೆ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯಕ್ಕೆ ಅಂಟಿದ ಗಟ್ಟಿ ಗಡ್ಡೆಯಂತೆ ಕಾಣುತ್ತದೆ. ಅದರಲ್ಲಿ ರಕ್ತಸಂಚಾರವೂ ಹೆಚ್ಚಿರುವುದರಿಂದ ಕ್ಯಾನ್ಸರಿನ ಅನುಮಾನ ಬಲಗೊಳ್ಳುತ್ತದೆ. ಸಿಎ-125 ರಕ್ತಪರೀಕ್ಷೆಯೂ ಅಂತಿಮವಲ್ಲ. ಕ್ಷಯ, ಎಂಡೋಮೆಟ್ರಿಯೋಸಿಸ್‌ಗಳಲ್ಲಿಯೂ ಅದರ ಪ್ರಮಾಣ ಏರಬಹುದು.

ಕೊನೆಯ ಮಾತು ಸೂಕ್ಷ್ಮದರ್ಶಕದ್ದು. ಈ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ ಜೀವಕೋಶಗಳು ಈರುಳ್ಳಿಯ ಪದರಗಳಂತೆ ಸುತ್ತುಗಟ್ಟಿ ನಿಂತಿರುತ್ತವೆ. ಸೂಜಿಯಿಂದ ತೆಗೆದ ತುಣುಕಿನಲ್ಲಿ ಈ ರಚನೆ ಅನೇಕ ವೇಳೆ ಸ್ಪಷ್ಟವಾಗುವುದಿಲ್ಲ.

ಚಿಕಿತ್ಸೆ ಏನು?

ಒಂದೇ ಕಡೆ ಬೆಳೆದಿದ್ದರೆ ಗಡ್ಡೆಯನ್ನು ಪೂರ್ಣವಾಗಿ ತೆಗೆದರೆ ಬಹುತೇಕರು ಗುಣಮುಖರಾಗುತ್ತಾರೆ. ಅಂಡಾಶಯ, ಗರ್ಭಕೋಶಗಳು ಆರೋಗ್ಯವಾಗಿದ್ದರೆ ಅವನ್ನು ಉಳಿಸಿಕೊಳ್ಳಬಹುದು. ಮಕ್ಕಳನ್ನು ಬಯಸುವ ಯುವತಿಗೆ ಇದು ಸಣ್ಣ ಮಾತಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ತೀವ್ರ ರಕ್ತಸ್ರಾವದ ಅಪಾಯವಿರುವುದರಿಂದ ರಕ್ತ ಸಿದ್ಧವಿರಬೇಕು. ದೇಹದ ಹಲವೆಡೆ ಗ್ರಂಥಿಗಳು ಊದಿ, ಜ್ವರ, ತೂಕನಷ್ಟ, ರಕ್ತಹೀನತೆ ಕಾಣಿಸಿದರೆ ಅದು ಗಂಭೀರವಾದ ಬೇರೆ ಬಗೆ. ಅದಕ್ಕೆ ಔಷಧ ಚಿಕಿತ್ಸೆಯೇ ಬೇಕು.

ಕಲಘಟಗಿ ತಾಲ್ಲೂಕಿನ ತಂಬೂರದಂತಹ ಊರಿನ ಮಹಿಳೆ ಇಂತಹ ತಪಾಸಣೆಗೆ ಹುಬ್ಬಳ್ಳಿ ಅಥವಾ ಧಾರವಾಡಕ್ಕೇ ಬರಬೇಕು. ವರದಿಯ ಒಂದು ಸಾಲು ಓದಿ ಧೈರ್ಯಗೆಟ್ಟು ಮನೆಯಲ್ಲೇ ಉಳಿಯುವುದು ತರವಲ್ಲ. ಕ್ಯಾಸಲ್‌ಮನ್ ಕಾಯಿಲೆಗಿಂತ ಅಂಡಾಶಯದ ಕ್ಯಾನ್ಸರೇ ಹೆಚ್ಚು ಸಾಮಾನ್ಯವಾದ್ದರಿಂದ ವಿಳಂಬ ಸಲ್ಲದು. ಆದರೆ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರನ್ನು ಎರಡು ಪ್ರಶ್ನೆ ಕೇಳಬಹುದು: ಗಡ್ಡೆ ಯಾವ ಅಂಗದ್ದು? ಅಂಗಾಂಶ ಪರೀಕ್ಷೆ ಯಾವಾಗ?