ಪಿಂಗ್‌-ಪಾಂಗ್ ಅಂಕಿಯನ್ನು ಎಷ್ಟು ನಂಬಬೇಕು?

ಬೆಳಗಿನ ಜಾವ ನಾಲ್ಕಕ್ಕೆ ರೌಂಡ್ ರಾಕ್‌ನಿಂದ ಐ-35 ಹಿಡಿದು ಆಸ್ಟಿನ್‌ಗೆ ಹೊರಡಿ, ರಸ್ತೆ ನಿಮ್ಮದೇ. ಎಂಟೂವರೆಗೆ ಹೊರಡಿ ನೋಡೋಣ! ಸೂಪರ್‌ಕಂಪ್ಯೂಟರ್ ಒಳಗಿನ ಸಂಪರ್ಕ ಅಳೆಯೋದರಲ್ಲೂ ಇದೇ ಪೇಚು.

ರೌಂಡ್ ರಾಕ್‌ನ ಡೆಲ್ ಕಂಪನಿ ಕಟ್ಟಿದ ಫ್ರಾಂಟೆರಾ 2019ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಆಗ ಅದರಲ್ಲಿ 8,008 ನೋಡ್‌ಗಳು, ಅಂದ್ರೆ ಬಿಡಿ ಕಂಪ್ಯೂಟರುಗಳು. ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಾಗ ಇವು ಮಾತಾಡ್ತಾನೇ ಇರಬೇಕು.

ಆ ವೇಗ ಅಳೆಯೋ ಹಳೇ ಉಪಾಯ ಪಿಂಗ್‌-ಪಾಂಗ್. ಒಂದು ನೋಡ್ ಪುಟ್ಟ ಸಂದೇಶ ಕಳಿಸುತ್ತೆ, ಇನ್ನೊಂದು ತಕ್ಷಣ ವಾಪಸ್ ಎಸೆಯುತ್ತೆ. ಸಾವಿರಾರು ಸಲ ಹೀಗೆ ಮಾಡಿ, ಸರಾಸರಿಯನ್ನು ಎರಡರಿಂದ ಭಾಗಿಸ್ತಾರೆ. ಒಂದು ದಿಕ್ಕನ್ನೇ ಯಾಕೆ ಅಳೆಯಲ್ಲ? ಸಂದೇಶ ತಲುಪೋಕೆ ಹಿಡಿಯೋದು ಸುಮಾರು ಒಂದು ಮೈಕ್ರೊಸೆಕೆಂಡು, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಎರಡು ನೋಡ್‌ಗಳ ಗಡಿಯಾರ ಸಾಮಾನ್ಯವಾಗಿ ಅಷ್ಟು ಕರಾರುವಾಕ್ಕಾಗಿ ಹೊಂದಲ್ಲ. ಹೊರಟಿದ್ದನ್ನೂ ಬಂದಿದ್ದನ್ನೂ ಒಂದೇ ಗಡಿಯಾರದಲ್ಲಿ ನೋಡಿದರೆ ಆ ತಂಟೆ ಇಲ್ಲ.

ಆದರೆ ಇದು ನಾಲ್ಕು ಗಂಟೆಯ ಖಾಲಿ ರಸ್ತೆ. ಫ್ರಾಂಟೆರಾದಲ್ಲಿ 44 ನೋಡ್‌ಗಳು ಒಂದು ಸ್ವಿಚ್‌ಗೆ ಸೇರುತ್ತವೆ. ತಲಾ ಸೆಕೆಂಡಿಗೆ 100 ಗಿಗಾಬಿಟ್, ಒಟ್ಟು 4,400. ಅಲ್ಲಿಂದ ಮೇಲಕ್ಕೆ 200 ಗಿಗಾಬಿಟ್‌ನ 18 ದಾರಿಗಳು, ಅಂದ್ರೆ 3,600 ಅಷ್ಟೇ. ಎಲ್ಲವೂ ಒಟ್ಟಿಗೆ ಹೊರಗಿನ ನೋಡ್‌ಗಳ ಜೊತೆ ಮಾತಿಗೆ ನಿಂತರೆ ತಲಾ 82ರ ಹತ್ತಿರ ಸಿಗಬಹುದು, ಅದೂ ಹಂಚಿಕೆ ಸರಿಸಮ ಆದರೆ. ಇದನ್ನು ದೋಷ ಅನ್ನಬೇಡಿ. ಸ್ವಿಚ್ಚು, ಕೇಬಲ್ಲು ಬಲು ದುಬಾರಿ. ಆದರೆ ಎರಡೇ ನೋಡ್‌ಗಳ ಪಿಂಗ್‌-ಪಾಂಗ್‌ಗೆ ಇದು ಗೊತ್ತೇ ಆಗಲ್ಲ.

ಅದಕ್ಕೇ ಪ್ರತಿ ನೋಡೂ ಉಳಿದೆಲ್ಲಕ್ಕೂ ಒಮ್ಮೆಲೇ ಕಳಿಸುವ ಆಲ್‌-ಟು-ಆಲ್ ಪರೀಕ್ಷೆಯನ್ನೂ ನಡೆಸ್ತಾರೆ. ಗಾಳಿ, ನೀರಿನ ಸುಳಿಗಳ ದೊಡ್ಡ ಲೆಕ್ಕಗಳಲ್ಲಿ ಇಂಥದೇ ಸಂತೆಮಾತು ಬರುತ್ತೆ, ಅಲ್ಲಿ ಒಂದು ನೋಡ್ ತಡವಾದರೂ ಉಳಿದವು ಕಾಯ್ತಾ ಕೂರುತ್ತವೆ.