ಸಾಮಾಜಿಕ ತನಿಖೆ ಮತ್ತು ಅರಿವಿಲ್ಲದ ಪೂರ್ವಗ್ರಹ: ಪೋಷಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದಾಗ ಸಮಾಜ ಕಾರ್ಯಕರ್ತರು ಮಗುವಿನ ಮನೆಗೆ ಭೇಟಿ ನೀಡಿ ಸಾಮಾಜಿಕ ತನಿಖಾ ವರದಿಯನ್ನು ಸಿದ್ಧಪಡಿಸುತ್ತಾರೆ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ಈ ತನಿಖೆಯನ್ನು 15 ದಿನಗಳೊಳಗೆ ಪೂರ್ಣಗೊಳಿಸತಕ್ಕದ್ದು. ಮಗು ಮನೆಯಲ್ಲಿಯೇ ಉಳಿಯಬೇಕೇ ಅಥವಾ ಪಾಲನಾ ಸಂಸ್ಥೆಗೆ ಸೇರಬೇಕೇ ಎಂಬುದನ್ನು ಸಮಿತಿಯು ತೀರ್ಮಾನಿಸುವಾಗ ಈ ವರದಿಗೆ ವಿಶೇಷ ಮಹತ್ವವಿರುತ್ತದೆ.

ಅರಿವಿಲ್ಲದ ಪೂರ್ವಗ್ರಹ ಎಂದರೇನು?

ಜಾತಿ, ಧರ್ಮ, ಉದ್ಯೋಗ, ಭಾಷೆ, ವಾಸಸ್ಥಳ, ವೈವಾಹಿಕ ಸ್ಥಿತಿ ಮುಂತಾದವುಗಳ ಬಗ್ಗೆ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ಅಭಿಪ್ರಾಯಗಳು ವ್ಯಕ್ತಿಯ ಗಮನಕ್ಕೆ ಬಾರದೆಯೇ ಆತನ ತೀರ್ಮಾನದ ಮೇಲೆ ಪ್ರಭಾವ ಬೀರುವುದುಂಟು. ಇದಕ್ಕೆ ದುರುದ್ದೇಶವೇ ಇರಬೇಕೆಂದಿಲ್ಲ. ಪ್ರಾಮಾಣಿಕವಾಗಿ ಕಾರ್ಯನಿರ್ವಹಿಸುವವರಲ್ಲಿಯೂ ಇದು ಇರಬಹುದಾಗಿದೆ.

ಉದಾಹರಣೆ

ಕೂಲಿ ಕೆಲಸ ಮಾಡುವ ಒಂಟಿ ತಾಯಿಯೊಬ್ಬರ ಮನೆಗೆ ಹಗಲಿನಲ್ಲಿ ಭೇಟಿ ನೀಡಿದಾಗ ಅವರು ಮನೆಯಲ್ಲಿ ಇರಲಿಲ್ಲವೆಂದು ಭಾವಿಸೋಣ. “ತಾಯಿಗೆ ಮಗುವಿನ ಬಗ್ಗೆ ಕಾಳಜಿಯಿಲ್ಲ” ಎಂದು ಬರೆಯುವುದು ಊಹೆ. “ತಾಯಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಕೆಲಸದಲ್ಲಿರುತ್ತಾರೆ, ಆ ಅವಧಿಯಲ್ಲಿ ಮಗು ಅಜ್ಜಿಯ ಬಳಿ ಇರುತ್ತದೆ, ಶಾಲಾ ಹಾಜರಾತಿ ಕ್ರಮಬದ್ಧವಾಗಿದೆ” ಎಂದು ಬರೆಯುವುದು ಪರಿಶೀಲಿಸಿದ ಸಂಗತಿ. ಮನೆ ಒಂದೇ ಆದರೂ ಈ ಎರಡು ವರದಿಗಳು ಮಗುವನ್ನು ಬೇರೆ ಬೇರೆ ದಾರಿಗೆ ಒಯ್ಯಬಲ್ಲವು.

ಬಡತನವು ನಿರ್ಲಕ್ಷ್ಯವಲ್ಲ

ಬಡತನವೊಂದನ್ನೇ ಕಾರಣವಾಗಿಸಿ ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದೆಂದು ವಿಶ್ವಸಂಸ್ಥೆಯು 2009ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಯು ತಿಳಿಸುತ್ತದೆ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಕ್ರಮವಾಗಿರಬೇಕು ಮತ್ತು ಯಾವುದೇ ಮಗುವಿಗೆ ತಾರತಮ್ಯ ಮಾಡಬಾರದು ಎಂಬುದು 2015ರ ಕಾಯ್ದೆಯ ಮೂಲತತ್ವಗಳಲ್ಲಿ ಸೇರಿದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬದಿಂದ ಪರಿತ್ಯಕ್ತೆಯಾಗಿದ್ದಲ್ಲಿ, ಅನಾಥ ಮಗು ಬಂಧುಗಳೊಂದಿಗೆ ವಾಸಿಸುತ್ತಿದ್ದಲ್ಲಿ, ಪೋಷಕರು ಮಾರಣಾಂತಿಕ ಕಾಯಿಲೆಗೆ ತುತ್ತಾಗಿದ್ದಲ್ಲಿ ಅಥವಾ ಅಪಘಾತದಿಂದ ಅಶಕ್ತರಾಗಿದ್ದಲ್ಲಿ ಪ್ರಾಯೋಜಕತ್ವ ನೆರವನ್ನು ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿಯಂತೆ ಅರ್ಹ ಮಗುವಿಗೆ ಮಾಸಿಕ ರೂ. 4,000 ನೆರವು ದೊರೆಯುತ್ತದೆ.

ಸಮಾಜ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

1. ಕಂಡದ್ದು, ಕೇಳಿದ್ದು ಮತ್ತು ಸ್ವಂತ ಅಭಿಪ್ರಾಯ ಇವುಗಳನ್ನು ಪ್ರತ್ಯೇಕವಾಗಿ ನಮೂದಿಸುವುದು.
2. ಮಗುವಿನ ಮಾತನ್ನು, ಅದರ ವಯಸ್ಸಿಗೆ ಅನುಗುಣವಾಗಿ, ನೇರವಾಗಿ ಆಲಿಸುವುದು.
3. ನೆರೆಹೊರೆಯವರ ಹೇಳಿಕೆಯನ್ನು ಶಾಲೆ ಹಾಗೂ ಅಂಗನವಾಡಿಯ ದಾಖಲೆಗಳೊಂದಿಗೆ ತಾಳೆ ನೋಡುವುದು.
4. ಇದೇ ಪರಿಸ್ಥಿತಿ ಅನುಕೂಲಸ್ಥ ಕುಟುಂಬದಲ್ಲಿದ್ದರೆ ಇದೇ ತೀರ್ಮಾನಕ್ಕೆ ಬರುತ್ತಿದ್ದೆವೇ ಎಂದು ಪರಿಶೀಲಿಸಿಕೊಳ್ಳುವುದು.

ಪೋಷಕರಿಗೆ ಇರುವ ಅವಕಾಶಗಳು

1. ಭೇಟಿಯ ಸಮಯದಲ್ಲಿ ಮಗುವಿನ ಶಾಲಾ ದಾಖಲೆ, ಲಸಿಕೆ ಕಾರ್ಡ್, ಪಡಿತರ ಚೀಟಿ ಇತ್ಯಾದಿಗಳನ್ನು ತೋರಿಸಬಹುದು. ತಮ್ಮ ಗೈರುಹಾಜರಿಯಲ್ಲಿ ಮಗುವನ್ನು ನೋಡಿಕೊಳ್ಳುವವರ ವಿವರವನ್ನು ತಿಳಿಸಬಹುದು.
2. ಮಗುವಿಗೆ ಸಂಬಂಧಿಸಿದ ವರದಿಗಳು ಗೋಪ್ಯವಾಗಿರುತ್ತವೆ. ಆದರೆ ಸಮಿತಿಯು ಸೂಕ್ತವೆಂದು ಕಂಡಲ್ಲಿ ವರದಿಯ ಸಾರಾಂಶವನ್ನು ಪೋಷಕರಿಗೆ ತಿಳಿಸಿ, ಅದಕ್ಕೆ ಸಂಬಂಧಿಸಿದ ಸಾಕ್ಷ್ಯ ಒದಗಿಸಲು ಅವಕಾಶ ನೀಡಬಹುದಾಗಿದೆ. ಇದಕ್ಕಾಗಿ ಪೋಷಕರು ಸಮಿತಿಗೆ ಲಿಖಿತ ಮನವಿ ಸಲ್ಲಿಸಬಹುದು.
3. ಸಮಿತಿಯ ಕಾರ್ಯನಿರ್ವಹಣೆಯ ಬಗ್ಗೆ ಜಿಲ್ಲಾ ದಂಡಾಧಿಕಾರಿಗಳಿಗೆ ದೂರು ಸಲ್ಲಿಸಬಹುದು.
4. ಮಹಿಳೆಯರು, ಮಕ್ಕಳು ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು.

ವರದಿಯಲ್ಲಿನ ತಪ್ಪನ್ನು ಎತ್ತಿ ತೋರಿಸುವುದು ಅಧಿಕಾರಿಗಳಿಗೆ ಅಗೌರವ ತೋರಿದಂತಲ್ಲ. ಸರಿಯಾದ ಸಂಗತಿಗಳು ಸಮಿತಿಗೆ ತಲುಪಿದಲ್ಲಿ ಮಾತ್ರ ಮಗುವಿನ ಹಿತಕ್ಕೆ ಅನುಗುಣವಾದ ಆದೇಶ ಸಾಧ್ಯ.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಅಥವಾ ಮಕ್ಕಳ ಸಹಾಯವಾಣಿ 1098 ಅನ್ನು ಸಂಪರ್ಕಿಸುವುದು.