ಮನೆಗೆ ಬೆಲೆ ಕಟ್ಟುವವರು ಬರುವ ಮುನ್ನ

ಮಗಳ ವಿದ್ಯಾಭ್ಯಾಸಕ್ಕೆ ಸಾಲ ತರುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಇಲ್ಲವೆ ಹಳೆಯ ಮನೆಯನ್ನು ಮಾರಿ ಊರು ಬಿಡುವಾಗ, ಮನೆಗೆ ಇಷ್ಟು ಬೆಲೆಯೆಂದು ಮೂರನೆಯವರಿಂದ ಹೇಳಿಸಬೇಕಾದ ಪ್ರಸಂಗವು ಗೃಹಸ್ಥರಿಗೆ ಒದಗುವುದುಂಟು. ಮೈಸೂರಿನ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮಾರುವ ಮನೆಯನ್ನು ಅದರ ಮುಂದೆಯೇ ನೆರೆಯವರ ಸಮಕ್ಷಮದಲ್ಲಿ ಸಾರಬೇಕೆಂಬ ವಿಧಿಯಿದೆ. ಈಗ ಆ ನೆರೆಯವರ ಸ್ಥಾನದಲ್ಲಿ ಬ್ಯಾಂಕು ಕಳುಹಿಸಿದ ಮೌಲ್ಯಮಾಪಕನು ಅಳತೆಪಟ್ಟಿಯನ್ನು ಹಿಡಿದು ಬರುತ್ತಾನೆ.

ಆತನು ಬರುವನೆಂದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಸಂಭ್ರಮವು ವಿನೋದಕರವಾದುದು. ಹೊಸ ಪರದೆಗಳು ಬರುತ್ತವೆ, ಗೋಡೆಗೆ ಬಣ್ಣ ಏರುತ್ತದೆ. ನೈರ್ಮಲ್ಯವು ಸರ್ವದಾ ಶ್ಲಾಘ್ಯವೇ ಸರಿ. ಆದರೆ ಪರದೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆತನು ಮೊದಲು ನೋಡತಕ್ಕದ್ದು ಕಾಗದ, ಆಮೇಲೆ ಗೋಡೆ.

ಆದಕಾರಣ ಕ್ರಯಪತ್ರ, ಕಂದಾಯದ ರಶೀದಿ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ, ಪಟ್ಟಣವಾದರೆ ಖಾತೆ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ನಮೂನೆ 9 ಮತ್ತು 11, ಇವುಗಳನ್ನು ಮುಂಚಿತವಾಗಿಯೇ ಒಂದೆಡೆ ಜೋಡಿಸಿಡಬೇಕು. ಜೋಡಿಸಿದರೆ ಸಾಲದು, ಓದಬೇಕು. ಪತ್ರದ ಚಕ್ಕುಬಂದಿಯಲ್ಲಿರುವ ಪೂರ್ವದ ಮನೆ ಕೈಬದಲಾಗಿರಬಹುದು. ಖಾತೆಯು ಇನ್ನೂ ದಿವಂಗತರಾದ ಹಿರಿಯರ ಹೆಸರಿನಲ್ಲಿಯೇ ಇರಬಹುದು. ಖಾತೆ ಬದಲಾವಣೆಯು ಒಂದು ದಿನದ ಕೆಲಸವಲ್ಲವೆಂಬುದನ್ನು ಅನುಭವಸ್ಥರು ಬಲ್ಲರು.

ನಮ್ಮ ಬೀದಿಯ ವಿಧವೆಯೊಬ್ಬರು ಮಗಳ ವ್ಯಾಸಂಗಕ್ಕಾಗಿ ಮನೆಯನ್ನು ಅಡವಿಡಲು ಹೊರಟರು. ಮಾಳಿಗೆಯ ಮೇಲೆ ಯಜಮಾನರು ಕಟ್ಟಿಸಿದ ಎರಡು ಕೊಠಡಿಗಳನ್ನೂ ಸೇರಿಸಿ ಅವರು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು. ಆ ಕೊಠಡಿಗಳು ನಕ್ಷೆಯಲ್ಲಿರಲಿಲ್ಲ. ಮಂಜೂರಾತಿಯಿಲ್ಲದ ಕಟ್ಟಡವನ್ನು ಸಾಲ ಕೊಡುವವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಕಾದ ಹಣಕ್ಕೆ ಸಾಲವು ಕಡಿಮೆ ಬಿದ್ದು, ಶುಲ್ಕದ ಗಡುವು ಹತ್ತಿರವಾದುದರಿಂದ ಕೈಬಳೆಗಳು ಗಿರವಿ ಅಂಗಡಿಗೆ ಹೋದವು. ಆ ತಾಯಿಗೆ ಆರು ತಿಂಗಳು ಮುಂಚೆಯೇ ಈ ಸಂಗತಿ ತಿಳಿದಿದ್ದರೆ ಬೇರೆ ದಾರಿಯನ್ನು ಹುಡುಕುತ್ತಿದ್ದರು.

ಬೆಲೆ ಕಟ್ಟುವ ಕ್ರಮದಲ್ಲಿ ರಹಸ್ಯವೇನೂ ಇಲ್ಲ. ನೆಲದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ನೆಲಕ್ಕೆ ಸುತ್ತಮುತ್ತಲಿನ ಈಚಿನ ಕ್ರಯಗಳೂ ಸರ್ಕಾರದ ಮಾರ್ಗಸೂಚಿ ದರವೂ ಆಧಾರ. ಕಟ್ಟಡಕ್ಕಾದರೋ, ಅಂತಹುದನ್ನು ಈಗ ಕಟ್ಟಿಸಿದರೆ ಎಷ್ಟಾಗುವುದೆಂದು ಎಣಿಸಿ, ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆಯುತ್ತಾರೆ. ಲೆಕ್ಕಕ್ಕಾಗಿ, 20 ಲಕ್ಷ ರೂಪಾಯಿಯಲ್ಲಿ ಕಟ್ಟಬಹುದಾದ ಮನೆಗೆ 60 ವರ್ಷದ ಆಯುಸ್ಸು, ಕೊನೆಗೆ ಉಳಿಯುವ ಸಾಮಗ್ರಿಗೆ ನೂರಕ್ಕೆ 10ರಷ್ಟು ಬೆಲೆ ಎಂದಿಟ್ಟುಕೊಳ್ಳೋಣ. 20 ವರ್ಷ ಹಳೆಯದಾದರೆ 6 ಲಕ್ಷ ಕಳೆದು 14 ಲಕ್ಷ ಉಳಿಯುತ್ತದೆ. ಈ ಮೌಲ್ಯದಲ್ಲಿಯೂ ಒಂದಂಶಕ್ಕೆ ಮಾತ್ರವೇ ಸಾಲ ದೊರೆಯುವುದು. ಅಜ್ಜನು ನೆಟ್ಟ ಸಂಪಿಗೆಯ ಮೇಲಿನ ಮಮತೆಗೆ ಇಲ್ಲಿ ಅಂಕಣವಿಲ್ಲ.

ತೇವದ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು. ಗೋಡೆಯ ಬುಡದಲ್ಲಿ ಉಪ್ಪು ಬಿಳುಪಾಗಿ ಹೂತಿದ್ದರೆ ನೀರು ನೆಲದಿಂದ ಏರುತ್ತಿರಬಹುದು. ಚಾವಣಿಯಲ್ಲಿ ಕಲೆಯಿದ್ದರೆ ಮಾಳಿಗೆಯ ಮೇಲೆ ನೀರು ನಿಲ್ಲುತ್ತಿರಬಹುದು. ಬಚ್ಚಲಿನ ಹಿಂದಿನ ಗೋಡೆ ಮಾತ್ರ ನೆನೆದಿದ್ದರೆ ಕೊಳಾಯಿಯನ್ನು ಶಂಕಿಸಬೇಕು. ಮೂಲವನ್ನು ಬಿಟ್ಟು ಬಣ್ಣ ಬಳಿದರೆ ಅದು ಮುಂದಿನ ಮಳೆಗಾಲದಲ್ಲಿ ಸಿಪ್ಪೆಯಾಗಿ ಏಳುವುದು. ಪರಿಣತನ ಕಣ್ಣಿಗೆ ಹೊಸ ಬಣ್ಣದ ಒಂದೇ ಒಂದು ತೇಪೆಯು ಕಲೆಗಿಂತ ಹೆಚ್ಚು ಸಂಶಯಾಸ್ಪದ. ಮಾಳಿಗೆಯ ನೀರಿನ ಕೊಳವೆಯಲ್ಲಿ ಸಿಕ್ಕಿದ ಎಲೆಗಳನ್ನು ತೆಗೆಯುವುದಕ್ಕೆ ಖರ್ಚೇ ಇಲ್ಲ. ಬಿರುಕು, ಸಡಿಲವಾದ ಕದ, ತುಕ್ಕು ಹಿಡಿದು ಹೊರಗೆ ಇಣುಕುವ ಕಬ್ಬಿಣ, ಇವುಗಳ ದುರಸ್ತಿಗೆ ವ್ಯಯಿಸಿದ ಹಣವು ಅಲಂಕಾರಕ್ಕೆ ಹಾಕಿದ ಹಣಕ್ಕಿಂತ ಸಾರ್ಥಕವೆಂದು ನನ್ನ ಅಭಿಪ್ರಾಯ.

ಆತನು ಬರುವ ದಿನ ವಿಷಯ ಬಲ್ಲವರೊಬ್ಬರು ಮನೆಯಲ್ಲಿರಲಿ. ಬೀಗ ಹಾಕಿದ ಕೊಠಡಿಗಳ ಕೀಲಿಕೈ, ಮಾಳಿಗೆಗೆ ಏಣಿ, ದುರಸ್ತಿಯ ರಶೀದಿಗಳು ಸಿದ್ಧವಾಗಿರಲಿ. ಕಾಫಿ ಕೊಡುವುದು ಆತಿಥ್ಯ. ಅದಕ್ಕಿಂತ ಮಿಗಿಲಾದುದನ್ನು ಕೊಡುವುದು ಅಪರಾಧ. ಕೇಳಿದುದಕ್ಕೆ ಇದ್ದುದನ್ನು ಇದ್ದಂತೆಯೇ ಹೇಳಿರಿ. ವರದಿಯ ಪ್ರತಿಯನ್ನು ಕೇಳಿ ಪಡೆದು, ಅಳತೆ, ಕಟ್ಟಡದ ವಯಸ್ಸು, ಚಕ್ಕುಬಂದಿಗಳನ್ನು ನಿಮ್ಮ ಪತ್ರಗಳೊಡನೆ ಹೋಲಿಸಿ ನೋಡಿರಿ. 40 ಅಡಿಯೆಂದಿರಬೇಕಾದಲ್ಲಿ 30 ಎಂದು ಬಿದ್ದಿದ್ದರೆ, ಕ್ರಯಪತ್ರದ ನಕಲನ್ನು ಲಗತ್ತಿಸಿ ತಿದ್ದುಪಡಿಗಾಗಿ ಬ್ಯಾಂಕಿಗೆ ಬರಹದಲ್ಲಿಯೇ ಅರ್ಜಿ ಕೊಡತಕ್ಕದ್ದು.